ಬೋಪಣ್ಣ ಅವರ ದಾಖಲೆ: ನಂಬಿಕೆ ಎಷ್ಟು, ಸತ್ಯ ಎಷ್ಟು?

ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರು 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಅವರ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಗೆದ್ದಾಗ ಅವರ ವಯಸ್ಸು 43. ಅಂದಿನಿಂದ ‘ಗ್ರ್ಯಾನ್‌ಸ್ಲಾಮ್ ಗೆದ್ದ ಅತಿ ಹಿರಿಯ ಆಟಗಾರ’ ಎಂಬ ಮಾತು ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಮಾತು ಅಭಿಮಾನದ್ದೇ ಆದರೂ ಎರಡು ಮಿತಿಗಳನ್ನು ಹೇಳದೆ ಬಿಟ್ಟರೆ ಅದು ತಪ್ಪಾಗುತ್ತದೆ.

ಮೊದಲನೆಯದು ವಿಭಾಗದ ಮಿತಿ: ಮಾರ್ಟಿನಾ ನವ್ರಾಟಿಲೋವಾ ಅವರು 2006ರ ಅಮೆರಿಕ ಓಪನ್‌ನಲ್ಲಿ ಬಾಬ್ ಬ್ರಯಾನ್ ಜೊತೆ ಮಿಶ್ರ ಡಬಲ್ಸ್ ಗೆದ್ದಾಗ ಅವರಿಗೆ 49 ವರ್ಷ ತುಂಬಿತ್ತು. ಎರಡನೆಯದು ಕಾಲದ ಮಿತಿ. 1968ಕ್ಕೆ ಮುಂಚೆ ಹಣಕ್ಕಾಗಿ ಆಡುವ ವೃತ್ತಿಪರರಿಗೆ ಗ್ರ್ಯಾನ್‌ಸ್ಲಾಮ್ ಎನಿಸಿದ ನಾಲ್ಕು ಪ್ರಮುಖ ಟೂರ್ನಿಗಳಲ್ಲಿ ಪ್ರವೇಶವಿರಲಿಲ್ಲ. ಆ ನಿರ್ಬಂಧ ಸಡಿಲಗೊಂಡ ನಂತರದ ಅವಧಿಯನ್ನು ಓಪನ್ ಯುಗವೆಂದು ಕರೆಯಲಾಗುತ್ತದೆ. ಅದಕ್ಕೂ ಹಿಂದೆ, 1924ರಲ್ಲಿ, ನಾರ್ಮನ್ ಬ್ರೂಕ್ಸ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಇದೇ ಆಸ್ಟ್ರೇಲಿಯಾದ ಚಾಂಪಿಯನ್‌ಶಿಪ್‌ನ ಡಬಲ್ಸ್ ಗೆದ್ದಿದ್ದರು. ಆದ್ದರಿಂದ ಬೋಪಣ್ಣ ಅವರದು ಓಪನ್ ಯುಗದ ಪುರುಷರ ಡಬಲ್ಸ್ ದಾಖಲೆ. 2022ರ ಫ್ರೆಂಚ್ ಓಪನ್‌ನಲ್ಲಿ 40ರ ಹರೆಯದ ಜಾನ್ ಜೂಲಿಯನ್ ರೋಯರ್ ಸ್ಥಾಪಿಸಿದ್ದ ದಾಖಲೆಯನ್ನು ಅವರು ಮುರಿದರು.

ಈ ಗೆಲುವಿನಿಂದಲೇ ಅವರು ವಿಶ್ವದ ಮೊದಲ ರ‍್ಯಾಂಕ್ ಪಡೆದರು ಎಂಬುದು ಇನ್ನೊಂದು ತಪ್ಪು ಗ್ರಹಿಕೆ. ರ‍್ಯಾಂಕ್ ಎಂಬುದು ಹಿಂದಿನ 52 ವಾರಗಳ ಸಾಧನೆಗೆ ದೊರೆತ ಅಂಕಗಳ ಲೆಕ್ಕ. ಇಂಡಿಯನ್ ವೆಲ್ಸ್ ಪ್ರಶಸ್ತಿ, ವಿಂಬಲ್ಡನ್ ಸೆಮಿಫೈನಲ್, ಅಮೆರಿಕ ಓಪನ್ ಫೈನಲ್ ಸೇರಿದಂತೆ 2023ರ ಗಳಿಕೆ ಬೆನ್ನಿಗಿದ್ದ ಕಾರಣ ಮೆಲ್ಬರ್ನ್‌ನಲ್ಲಿ ಸೆಮಿಫೈನಲ್ ತಲುಪಿದಾಗಲೇ ಅಗ್ರಸ್ಥಾನ ಖಚಿತವಾಗಿತ್ತು. ಡಬಲ್ಸ್‌ನಲ್ಲೂ ಅಂಕಗಳನ್ನು ಆಟಗಾರರಿಗೆ ಪ್ರತ್ಯೇಕವಾಗಿ ಎಣಿಸುವುದರಿಂದ ಬೋಪಣ್ಣ ಜನವರಿ 29ರಂದು ಅಗ್ರಸ್ಥಾನಕ್ಕೇರಿದರೆ, ಜೊತೆಗಾರ ಎಬ್ಡೆನ್ ಅಲ್ಲಿಗೆ ತಲುಪಿದ್ದು ಕೆಲವು ವಾರಗಳ ನಂತರ.

ಡಬಲ್ಸ್ ಎಂದರೆ ವಯಸ್ಸಾದವರಿಗೆ ಸುಲಭದ ದಾರಿ ಎಂಬ ಅಭಿಪ್ರಾಯ ಎಲ್ಲಕ್ಕಿಂತ ಅನ್ಯಾಯದ್ದು. ಬೋಪಣ್ಣ ಅವರ ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿತ್ತು. ನೋವುನಿವಾರಕ ಮಾತ್ರೆಗಳನ್ನೇ ನೆಚ್ಚಿಕೊಂಡಿದ್ದ ಅವರಿಗೆ ಆಸರೆಯಾದದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಮಹಾರಾಷ್ಟ್ರದ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗಪದ್ಧತಿ. ಅಂಥ ಕಾಲುಗಳಲ್ಲಿ ನಿಂತು ಆಡಿದ ಮೆಲ್ಬರ್ನ್ ಫೈನಲ್‌ನ ಮೊದಲ ಸೆಟ್ 6-6ರಲ್ಲಿ ಸಮನಾಗಿ ಟೈಬ್ರೇಕ್‌ಗೆ, ಅಂದರೆ ಕನಿಷ್ಠ ಏಳು ಅಂಕ ಗಳಿಸಿ ಎರಡು ಅಂಕಗಳ ಮುನ್ನಡೆ ಪಡೆದವರಿಗೆ ಸೆಟ್ ಒಲಿಯುವ ಹಂತಕ್ಕೆ, ಹೋದಾಗ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಸ್ಸೋರಿ ಜೋಡಿಗೆ ಒಂದೂ ಅಂಕ ಸಿಗಲಿಲ್ಲ. ಎರಡನೆಯ ಸೆಟ್ 7-5ರಲ್ಲಿ ಮುಗಿಯಿತು.

ಬೋಪಣ್ಣ ಅವರಿಗೂ ಮುಂಚಿನ ಭಾರತೀಯರ ಸಾಧನೆಯ ಬಗ್ಗೆಯೂ ಇಂಥ ತಪ್ಪು ಗ್ರಹಿಕೆಯಿದೆ: ಗ್ರ್ಯಾನ್‌ಸ್ಲಾಮ್ ಗೆದ್ದ ಮೊದಲ ಭಾರತೀಯ ಲಿಯಾಂಡರ್ ಪೇಸ್ ಎಂದು ನಂಬಿದವರು ಬಹಳ. ಆ ಗೌರವ 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದ ಮಹೇಶ್ ಭೂಪತಿ ಅವರದು. 1999ರ ಏಪ್ರಿಲ್‌ನಲ್ಲಿ ಡಬಲ್ಸ್ ಅಗ್ರಸ್ಥಾನಕ್ಕೆ ಏರಿದ ಮೊದಲ ಭಾರತೀಯರೂ ಅವರೇ.