ಉಳಿದ ಕಲ್ಲು ಒಗೀಬೇಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಹಳೇ ಮನೆ ರಿಪೇರಿ ಮಾಡಿಸಿದವರಿಗೂ ಈ ಮಾತು ಗೊತ್ತು. ಕೆಲಸ ಮುಗಿಯಿತು. ಗೌಂಡಿ ಕೂಲಿ ತಗೊಂಡ. ಅಂಗಳದಲ್ಲಿ ನೋಡಿದರೆ ಕಲ್ಲಿನ ರಾಶಿ!

ಕಲಬುರಗಿ ಜಿಲ್ಲೆಯ ಕಡೆ ಹಳೇ ಮನೆಗಳಲ್ಲಿ ಕಲ್ಲೇ ಹೆಚ್ಚು. ನೆಲಕ್ಕೆ ಶಹಾಬಾದ ಫರಸಿ. ಗೋಡೆಗೂ ಕಲ್ಲು. ಈಗ ಫರಸಿ ಕಿತ್ತು ಟೈಲ್ಸ್ ಹಾಕಿಸುತ್ತಾರೆ. ಅಡಿಗೆ ಮನೆಗೆ ಗ್ರಾನೈಟ್ ಕಟ್ಟೆ ಮಾಡಿಸುತ್ತಾರೆ. ಕಿತ್ತ ಕಲ್ಲು, ಕೊಯ್ದು ಉಳಿದ ತುಂಡು ಅಂಗಳಕ್ಕೆ ಬೀಳುತ್ತದೆ.

“ಅಕ್ಕಾರ, ಟ್ರ್ಯಾಕ್ಟರ್ ತರಿಸಿ ಊರ ಹೊರಗ ಒಗಿಸಿಬಿಡ್ರಿ” ಅಂತಾನೆ ಗೌಂಡಿ. ಬಾಡಿಗೆ ಯಾರು ಕೊಡಬೇಕು? ನೀವೇ. ಸ್ವಲ್ಪ ತಡೀರಿ.

ಮೊದಲು ನಿಮ್ಮ ಬಚ್ಚಲ ಹಿಂದೆ ಹೋಗಿ ನೋಡಿ. ನೀರು ನಿಂತಿದೆಯಾ? ಕೆಸರು, ವಾಸನೆ ಇದೆಯಾ? ಅಂಥ ಕೊಳಕು ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಆನೆಕಾಲು ರೋಗ ಹರಡುವ ಸೊಳ್ಳೆ ಬೆಳೆಯುವುದು ಇಂಥ ನೀರಿನಲ್ಲೇ. ಅಂಗಳದ ಕಲ್ಲಿಗೆ ಮೊದಲ ಕೆಲಸ ಇಲ್ಲಿದೆ. ಹೂವಿನ ಗಿಡದ ಸುತ್ತ ಕಲ್ಲು ಜೋಡಿಸುವುದು ಚಂದವೇ. ಆದರೆ ಅದು ಆಮೇಲೆ.

ಇಂಗುಗುಂಡಿ ಮಾಡುವುದು ಕಷ್ಟ ಅಲ್ಲ. 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ತೋಡಿಸಿ. ಮನೆ ಗೋಡೆಗೆ ತೀರಾ ಹತ್ತಿರ ಬೇಡ. ಬಾವಿ, ಬೋರಿನಿಂದ 50 ಅಡಿಯಾದರೂ ದೂರ ಇರಲಿ. ತಳಕ್ಕೆ ದೊಡ್ಡ ಕಲ್ಲು ಹಾಕಿ. ಅದರ ಮೇಲೆ ಮುಷ್ಟಿ ಗಾತ್ರದ ಕಲ್ಲು. ಎಲ್ಲಕ್ಕಿಂತ ಮೇಲೆ ಸಣ್ಣ ಚೂರು. ಕಲ್ಲಿನ ನಡುವೆ ಸಂದು ಇರುತ್ತದೆ. ಆ ಸಂದಿನಲ್ಲಿ ನೀರು ಇಳಿದು ಮಣ್ಣಿಗೆ ಸೇರುತ್ತದೆ. ಅದಕ್ಕೇ ಗುಂಡಿಗೆ ಮಣ್ಣು, ಹಳೇ ಗಾರೆಪುಡಿ ಬೀಳಬಾರದು. ಬಿದ್ದರೆ ಸಂದು ಮುಚ್ಚಿತು, ಗುಂಡಿ ಕೆಟ್ಟಿತು.

ನೀರು ಬೀಳುವ ಜಾಗದಲ್ಲಿ ಒಂದು ಹಳೇ ಮಡಕೆ ಇಡಿ. ಅದರ ತಳಕ್ಕೆ ತೂತು ಮಾಡಿ, ಒಳಗೆ ತೆಂಗಿನ ನಾರು ತುಂಬಿ. ಮುಸುರೆ ನೀರಿನ ಜಿಡ್ಡು, ಅನ್ನದ ಅಗುಳು, ಕೂದಲು ನಾರಿನಲ್ಲೇ ಉಳಿಯುತ್ತವೆ. ಆಗಾಗ ನಾರು ತೆಗೆದು ತೊಳೆಯಿರಿ. ಇದೊಂದು ಕೆಲಸ ಮರೆತೇ ಎಷ್ಟೋ ಗುಂಡಿ ಹಾಳಾಗುತ್ತವೆ. ಗುಂಡಿಯ ಮೇಲೆ ಒಂದು ಇಡೀ ಫರಸಿ ಮುಚ್ಚಿ. ಮಕ್ಕಳು ಕಾಲಿಡುವ ಭಯ ಇರುವುದಿಲ್ಲ. ನೆನಪಿಡಿ, ಇದು ಸ್ನಾನದ ನೀರಿಗೆ, ಪಾತ್ರೆ ತೊಳೆದ ನೀರಿಗೆ ಮಾತ್ರ. ಪಾಯಖಾನೆ ನೀರು ಬಿಡಬಾರದು.

ನಿಮ್ಮದು ಎರೆಮಣ್ಣಿನ ಊರಾ? ಎರೆಮಣ್ಣು ನೀರನ್ನು ಬೇಗ ಕುಡಿಯುವುದಿಲ್ಲ. ಮೊದಲು ಸಣ್ಣ ಕುಣಿ ತೋಡಿ ಒಂದು ಕೊಡ ನೀರು ಹಾಕಿ ನೋಡಿ. ಮರುದಿನವೂ ನೀರು ಹಾಗೇ ನಿಂತಿದ್ದರೆ ಅಲ್ಲಿ ಇಂಗುಗುಂಡಿ ಬೇಡ. ಒಡೆದ ಫರಸಿಯನ್ನೇ ಜೋಡಿಸಿ ಚಿಕ್ಕ ಕಾಲುವೆ ಮಾಡಿ. ಬಾಳೆ ಗಿಡದ ಬುಡಕ್ಕೆ ನೀರು ಬಿಡಿ.

ಇಡೀ ಫರಸಿ ಇನ್ನೂ ಉಳಿದಿದ್ದರೆ ದನದ ಕೊಟ್ಟಿಗೆಗೆ ಹಾಸಿ. ಗಂಜಲ ಹರಿದು ಹೋಗುವ ಹಾಗೆ ಸ್ವಲ್ಪ ಇಳಿಜಾರು ಇರಲಿ. ಉರುಟು ಮೈ ಮೇಲೆ ಬರಲಿ, ನುಣುಪು ಮೈ ಕೆಳಗೆ. ಇಲ್ಲವಾದರೆ ದನ ಜಾರುತ್ತದೆ. ಬಚ್ಚಲಿಗೆ ಗ್ರಾನೈಟ್ ತುಂಡು ಹಾಕುವವರೂ ಹೀಗೇ ಮಾಡಬೇಕು. ಹೊಳೆಯುವ ಮೈ ಒದ್ದೆಯಾದರೆ ಗಾಜಿನ ಹಾಗೆ. ಮುದುಕಿಯರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಅಡಿಗೆ ಕಟ್ಟೆಯಲ್ಲಿ ಸಿಂಕ್ ಕೂಡಿಸಲು ನಡುವೆ ಕೊಯ್ಯುತ್ತಾರಲ್ಲ, ಆ ತುಂಡು ಎಲ್ಲಿ ಹೋಯಿತು? ಕೇಳಿ ತಗೊಳ್ಳಿ. ಅದು ನಿಮ್ಮ ದುಡ್ಡಿನ ಕಲ್ಲು. ಕೊಡಪಾನ ಇಡೋಕೆ ಆಗುತ್ತದೆ. ಅಂಚು ತಿಕ್ಕಿಸಿದರೆ ಚಪಾತಿ ಲಟ್ಟಿಸಬಹುದು.

ಒಂದು ವಿಷಯ ಹೇಳಲೇಬೇಕು. ಶಹಾಬಾದ ಕಲ್ಲು ಸುಣ್ಣದ ಜಾತಿಯ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ ಇರುವುದು ಅಲ್ಲಿ ಸುಣ್ಣದ ಕಲ್ಲು ಸಿಗುವುದರಿಂದಲೇ. ಈ ಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆ ರಸ ಬಿದ್ದು ಉಳಿದರೆ ಕಲೆ. ಪಾಯಖಾನೆ ತೊಳೆಯುವ ಆಸಿಡ್ ಬಿದ್ದರೆ ಬುರುಗು ಬಂದು ಕಲ್ಲೇ ಸವೆಯುತ್ತದೆ. ಒಲೆಗುಂಡು ಮಾಡಲೂ ಬೇಡ. ಬೆಂಕಿಯ ಕಾವಿಗೆ ಸಿಡಿಯಬಹುದು.

ಇನ್ನು ಕಲ್ಲು ಒಡೆಯುವ ಮಾತು. ಮನೆಯಲ್ಲಿ ಈ ಕೆಲಸ ಹೆಚ್ಚಾಗಿ ನಮ್ಮ ಪಾಲಿಗೇ ಬರುತ್ತದೆ. ಒಣ ಕಲ್ಲು ಒಡೆಯಬೇಡಿ, ನೀರು ಚಿಮುಕಿಸಿ ಒಡೆಯಿರಿ. ಅದರಲ್ಲೂ ಗ್ರಾನೈಟ್ ದೂಳು ಬಲು ಕೆಟ್ಟದ್ದು. ಅದು ಎದೆಯೊಳಗೆ ಸೇರಿದರೆ ಹೊರಗೆ ಬರುವುದಿಲ್ಲ. ವರ್ಷಗಟ್ಟಲೆ ಆ ದೂಳು ಕುಡಿದವರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ರೋಗ ಬರುತ್ತದೆ. ಅದು ವಾಸಿಯಾಗುವ ರೋಗ ಅಲ್ಲ. ಮೂಗಿಗೆ ಸೆರಗು ಕಟ್ಟಿದರೆ ಸಾಲದು, ಸಣ್ಣ ದೂಳು ಬಟ್ಟೆಯಲ್ಲೂ ನುಗ್ಗುತ್ತದೆ. ಚೂರು ಕಣ್ಣಿಗೆ ಸಿಡಿಯದ ಹಾಗೆ ಕನ್ನಡಕ ಹಾಕಿ. ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಈ ಕೆಲಸ ಮಾಡಲೇಬೇಡಿ.

ಇಷ್ಟಾದ ಮೇಲೂ ಚೂರು ಉಳಿಯುತ್ತದೆ. ಮಳೆಗಾಲದಲ್ಲಿ ಬಾಗಿಲ ಮುಂದೆ ಕೆಸರಾಗುವ ಜಾಗ ಇರುತ್ತದಲ್ಲ, ಅಲ್ಲಿ ಹರಡಿ ದಮ್ಮಸು ಮಾಡಿ. ಚೂಪು ಚೂರನ್ನು ಅಡಿಗೆ ಹಾಕಿ, ಮೇಲೆ ಮರಳು ಎಳೆಯಿರಿ. ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ.