ಹತ್ತರಲ್ಲಿ ಏಳೇ ಮೊಳೆತರೆ

ಪ್ರಮಾಣಿತ ಭತ್ತದ ಬೀಜದಲ್ಲಿ ಕನಿಷ್ಠ ಶೇ. 80ರಷ್ಟಾದರೂ ಮೊಳೆಯಬೇಕು ಎನ್ನುತ್ತದೆ ನಿಯಮ. ಬಿತ್ತುವ ಮುಂಚೆ ಚೀಲದಿಂದ ಹತ್ತು ಕಾಳು ತೆಗೆದು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟಿರಿ. ಏಳೇ ಮೊಳೆತವು. ಚೀಲ ವಾಪಸು ಮಾಡಬೇಕೆ?

ಎಕ್ಸೆಲ್‌ನ ಒಂದು ಸೆಲ್ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಸೂತ್ರದ ಹೆಸರು ಬೈನಾಮ್.ಡಿಸ್ಟ್, ಗೂಗಲ್ ಶೀಟ್ಸ್‌ನಲ್ಲೂ ಅದೇ ಹೆಸರು. ಅದಕ್ಕೆ ನಾಲ್ಕು ವಿಷಯ ತಿಳಿಸಬೇಕು: ಎಷ್ಟು ಮೊಳೆಯಬೇಕು, ಒಟ್ಟು ಎಷ್ಟು ಕಾಳು, ಒಂದು ಕಾಳು ಮೊಳೆಯುವ ಸಂಭವನೀಯತೆ ಎಷ್ಟು, ಕೊನೆಗೆ ಟ್ರೂ ಅಥವಾ ಫಾಲ್ಸ್. (8, 10, 0.8, ಫಾಲ್ಸ್) ಎಂದರೆ ಸರಿಯಾಗಿ ಎಂಟೇ ಮೊಳೆಯುವ ಸಂಭವ: 0.302. ಕೈಲೆಕ್ಕದಲ್ಲೂ ಇದು ಬರುತ್ತದೆ. ಹತ್ತರಲ್ಲಿ ಎಂಟನ್ನು 45 ರೀತಿಯಲ್ಲಿ ಆರಿಸಬಹುದು. ಆ 45ನ್ನು ಎಂಟು ಸಲ 0.8ರಿಂದ, ಎರಡು ಸಲ 0.2ರಿಂದ ಗುಣಿಸಿದರಾಯಿತು. ಗಣಿತಜ್ಞ ಯಾಕೊಬ್ ಬರ್ನೂಲಿ ತೀರಿಕೊಂಡ ಮೇಲೆ, 1713ರಲ್ಲಿ ಅಚ್ಚಾದ ಪುಸ್ತಕದಲ್ಲಿರುವ ಲೆಕ್ಕವೇ ಇದು.

ಫಾಲ್ಸ್ ಬದಲು ಟ್ರೂ ಹಾಕಿದರೆ ಸೊನ್ನೆಯಿಂದ ಆ ಸಂಖ್ಯೆಯವರೆಗಿನ ಎಲ್ಲವೂ ಕೂಡಿ ಬರುತ್ತವೆ. ಬಹಳ ಮಂದಿ ಎಡವುವುದು ಇಲ್ಲೇ. 'ಎಂಟು ಅಥವಾ ಹೆಚ್ಚು' ಬೇಕಾದಾಗ ಒಂದರಿಂದ ಕಳೆಯಬೇಕಾದದ್ದು ಎಂಟರ ಮೊತ್ತವನ್ನಲ್ಲ, ಏಳರ ಮೊತ್ತವನ್ನು. ಎಂಟನ್ನು ಕೊಟ್ಟರೆ 'ಒಂಬತ್ತು ಅಥವಾ ಹೆಚ್ಚು' ಎಂಬುದರ ಉತ್ತರ ಬರುತ್ತದೆ, ಯಾವ ಎಚ್ಚರಿಕೆಯೂ ಇಲ್ಲದೆ.

ಈಗ ನಮ್ಮ ಚೀಲಕ್ಕೆ ಬರೋಣ. (7, 10, 0.8, ಟ್ರೂ) ಕೊಡುವ ಉತ್ತರ 0.322. ಒಳ್ಳೆಯ ಬೀಜದಲ್ಲೂ ಮೂರು ಪರೀಕ್ಷೆಗೆ ಹೆಚ್ಚುಕಡಿಮೆ ಒಂದರಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಮೊಳೆಯಬಹುದು. ಅಷ್ಟಕ್ಕೇ ಬೀಜವನ್ನು ದೂರುವುದು ಅನ್ಯಾಯ. ಆದರೆ ನೂರು ಕಾಳಿಟ್ಟು 70 ಮಾತ್ರ ಮೊಳೆತರೆ? ಅದೂ ಶೇ. 70, ಇದೂ ಶೇ. 70. ಆದರೆ ನೂರು ಕಾಳಿಗೆ 70 ಅಥವಾ ಕಡಿಮೆ ಬರುವ ಸಂಭವ 0.011 ಮಾತ್ರ. ಆಗ ಚೀಲವನ್ನು ಅನುಮಾನಿಸಲು ಗಟ್ಟಿ ಕಾರಣವಿದೆ.

ಈ ಸೂತ್ರದ ಒಳಗಿನ ಕೆಲಸ ನನಗೆ ತುಂಬ ಇಷ್ಟ. ಎಕ್ಸೆಲ್‌ನ ಹಳೆಯ ಆವೃತ್ತಿಗಳಲ್ಲಿ ಒಟ್ಟು ಸಂಖ್ಯೆ 1,030 ಮುಟ್ಟಿದರೆ ಲೆಕ್ಕ ಕೈಕೊಡುತ್ತಿತ್ತು. 1,030ರಲ್ಲಿ 515ನ್ನು ಆರಿಸುವ ರೀತಿಗಳ ಸಂಖ್ಯೆ ಯಂತ್ರ ಹಿಡಿದಿಡಬಲ್ಲ ಅತಿ ದೊಡ್ಡ ಸಂಖ್ಯೆಯನ್ನೂ ಮೀರುತ್ತದೆ. ಉತ್ತರ ಸೊನ್ನೆ ಮತ್ತು ಒಂದರ ನಡುವಿನದೇ, ಆದರೂ ದಾರಿಯಲ್ಲೇ ಲೆಕ್ಕ ಮುರಿದು ಬೀಳುತ್ತಿತ್ತು. 2003ರ ಆವೃತ್ತಿ ಉಪಾಯ ಬದಲಿಸಿತು. ಎಲ್ಲಕ್ಕಿಂತ ಹೆಚ್ಚು ಸಂಭವವಿರುವ ಫಲಕ್ಕೆ 1 ಎಂದು ಇಟ್ಟುಕೊಂಡು, ಅಕ್ಕಪಕ್ಕದವಕ್ಕೆ ಅನುಪಾತದಲ್ಲಿ ಬೆಲೆ ಕಟ್ಟುತ್ತ ಹೋಗುವುದು. ನಮ್ಮ ಹತ್ತು ಕಾಳಿನಲ್ಲಿ ಎಂಟಕ್ಕೆ 1 ಎಂದರೆ ಒಂಬತ್ತಕ್ಕೆ 8/9, ಏಳಕ್ಕೆ 2/3. ಕೊನೆಯಲ್ಲಿ ಎಲ್ಲವನ್ನೂ ಒಟ್ಟು ಮೊತ್ತದಿಂದ ಭಾಗಿಸಿದರೆ ಸಂಭವನೀಯತೆ ಸಿದ್ಧ. ದೊಡ್ಡ ಸಂಖ್ಯೆ ಹುಟ್ಟುವುದೇ ಇಲ್ಲ.

ಸೂತ್ರಕ್ಕೆ ಗೊತ್ತಾಗದ ಸಂಗತಿಯೂ ಒಂದಿದೆ. ಒಂದು ಕಾಳಿನ ಹಣೆಬರಹಕ್ಕೂ ಇನ್ನೊಂದರ ಹಣೆಬರಹಕ್ಕೂ ಸಂಬಂಧವಿಲ್ಲ ಎಂದೇ ಅದು ನಂಬುತ್ತದೆ. ಚೀಲದ ತಳಕ್ಕೆ ನೀರು ತಾಗಿ ಅಲ್ಲಿನ ಬೀಜವೆಲ್ಲ ಮುಗ್ಗಲಾಗಿದ್ದರೆ, ಮೇಲಿನಿಂದಲೇ ಎತ್ತಿಕೊಂಡ ನೂರು ಕಾಳೂ ಸುಳ್ಳು ಹೇಳುತ್ತವೆ. ಅದಕ್ಕೇ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ಕಾಳು ತೆಗೆದು, ಕಲೆಸಿ, ಆಮೇಲೆ ಎಣಿಸಬೇಕು.