ಮರಿಯಮ್ಮನವರ ಹೆಸರು ಹೊತ್ತ ದ್ವೀಪಗಳು

ಉಡುಪಿ ಜಿಲ್ಲೆಯ ಮಲ್ಪೆಯಿಂದ ದೋಣಿಯಲ್ಲಿ ತಲುಪಬಹುದಾದ ಸೈಂಟ್ ಮೇರೀಸ್ ದ್ವೀಪಗಳಿಗೆ ಈ ಹೆಸರಿತ್ತವನು 1498ರಲ್ಲಿ ಇಲ್ಲಿಗೆ ಬಂದ ವಾಸ್ಕೋ ಡ ಗಾಮನೆಂಬುದು ಪ್ರತೀತಿ. ಇಲ್ಲಿನ ಬಂಡೆಗಳಾದರೋ ಬಹು ಪುರಾತನ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾರಸವು ತಣಿದು ಕುಗ್ಗುವಾಗ ಬಿರುಕೊಡೆದು ಕಂಬಗಳ ರೂಪ ತಾಳಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಸೊಬಗಿನೊಡನೆ ಅಪಾಯವೂ ಇಲ್ಲಿದೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲಿಯೇ ಸಮುದ್ರಪಾಲಾದರು. ಆದುದರಿಂದ, ರಜೆಯಲ್ಲಿ ಕುಟುಂಬಸಮೇತ ಹೊರಡುವ ತಂದೆತಾಯಂದಿರು, ಅಲೆ ತಾಗುವ ಬಂಡೆಗಳನ್ನೇರಬಾರದೆಂದು ಮಕ್ಕಳಿಗೆ ದೋಣಿ ಹತ್ತುವ ಮೊದಲೇ ತಿಳಿಹೇಳಬೇಕು. ದೇವರ ಸೃಷ್ಟಿಯನ್ನು ಕಣ್ತುಂಬಿಕೊಂಡು ಮನೆಮಂದಿಯೆಲ್ಲರೂ ಕ್ಷೇಮವಾಗಿ ಹಿಂದಿರುಗಿದಾಗಲೇ ಪ್ರವಾಸವು ಸಾರ್ಥಕವಾದೀತು.